ಶ್ರೀತಾಳೆಯ ಬೀಜ ಹಾಕುವ ಕ್ರಮ



ಅಡಿಕೆಯ ಬೀಜ ಹಾಕಿ ಸಸಿ ಮಾಡುವ ಕೆಲಸವನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ನಿಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಅಜ್ಜನ ಕಾಲದಿಂದ ಮಾಡಿಕೊಂಡು ಬಂದ ಕೆಲಸ ಅದು. ಆದರೆ ಅಡಿಕೆಯ ಕುಲದಲ್ಲೇ ಹುಟ್ಟಿದ ಇನ್ನೊಂದು ಮರ ನಮ್ಮ ಸೀಮೆಯಲ್ಲಿ ಉಂಟು. ಅದರ ಬೀಜ ಹಾಕುವವರು ಮಾತ್ರ ಅಪರೂಪ. ಅದೇ ಶ್ರೀತಾಳೆ ಮರ. ತುಳುವಿನಲ್ಲಿ ಪಣೋಲಿ ಎನ್ನುತ್ತೇವೆ. ಬಂಟ್ವಾಳ ತಾಲೂಕಿನ ಸಜೀಪಮೂಡದ ಪಣೋಲಿಬೈಲು ಎಂಬ ಊರಿನ ಹೆಸರಿನಲ್ಲಿ ಈಗಲೂ ಆ ಶಬ್ದ ಕಿವಿಗೆ ಬೀಳುತ್ತದೆ. ಹೆಸರು ಉಳಿದಿದೆ, ಮರ ಎಷ್ಟು ಕಡೆ ಉಳಿದಿದೆ ಎಂಬುದನ್ನು ನಿಮ್ಮ ನಿಮ್ಮ ಗ್ರಾಮದಲ್ಲಿ ನೀವೇ ಒಮ್ಮೆ ಎಣಿಸಿ ನೋಡಬಹುದು.

ಈ ಮರದ ವಿಷಯವನ್ನು ಈಗ ಎತ್ತುವುದಕ್ಕೆ ಕಾರಣ ಉಂಟು. ಶ್ರೀತಾಳೆ ತನ್ನ ಆಯುಷ್ಯದಲ್ಲಿ ಒಂದೇ ಒಂದು ಸಲ ಹೂಬಿಡುತ್ತದೆ. ಆ ಒಂದು ಸಲದ ಕಾಯಿ ಹಣ್ಣಾಗಿ ಉದುರಿದ ಮೇಲೆ ಮರ ಒಣಗಿ ಸಾಯುತ್ತದೆ. ಆ ಬೀಜವನ್ನು ನಾವು ಹೆಕ್ಕಿಟ್ಟುಕೊಂಡರೆ ಉಂಟು, ಇಲ್ಲವಾದರೆ ಇಲ್ಲ. ಮುಂದಿನ ವರ್ಷ ನೋಡುವಾ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಮರದ ಗುರುತು

ಶ್ರೀತಾಳೆಯನ್ನು ಸಾಮಾನ್ಯ ತಾಳೆ ಮರದೊಂದಿಗೆ ಬೆರೆಸಿ ಮಾತಾಡುವವರಿದ್ದಾರೆ. ಎರಡೂ ಬೇರೆ ಬೇರೆ. ತಾಟಿನುಂಗು ಕೊಡುವ ತಾಳೆ ಮರ ವರ್ಷ ವರ್ಷವೂ ಹೂಬಿಡುತ್ತದೆ, ಅದರ ಎಲೆ ಇದಕ್ಕಿಂತ ಬಹಳ ಚಿಕ್ಕದು. ಶ್ರೀತಾಳೆಯ ಎಲೆ ಬೀಸಣಿಗೆಯ ಆಕಾರದ್ದು. ಪೂರ್ತಿ ಬೆಳೆದ ಮರದಲ್ಲಿ ಒಂದೊಂದು ಎಲೆ 5 ಮೀಟರು, ಅಂದರೆ ಸುಮಾರು 16 ಅಡಿ ಅಗಲ ಬರುವುದುಂಟು. ಎಲೆಯ ದಂಟೇ 4 ಮೀಟರಿನವರೆಗೆ ಉದ್ದ ಹೋಗುತ್ತದೆ. ಅದರ ಅಂಚಿನಲ್ಲಿ ಕಪ್ಪು ಬಣ್ಣದ ಸಣ್ಣ ಸಣ್ಣ ಮುಳ್ಳು ಹಲ್ಲುಗಳಿರುತ್ತವೆ. ಮರ 25 ಮೀಟರು ಎತ್ತರದವರೆಗೆ ಏರಬಲ್ಲದು. ಕಾಂಡದ ದಪ್ಪ ಒಂದು ಮೀಟರನ್ನು ದಾಟಬಹುದು. ಅಡಿಕೆ ಮರವನ್ನು ಎರಡು ಕೈಬೆರಳುಗಳಲ್ಲಿ ಬಳಸಿ ಹಿಡಿಯುವ ನಮಗೆ ಇದನ್ನು ತಬ್ಬಿಕೊಳ್ಳುವುದಕ್ಕೆ ಇಬ್ಬರು ಬೇಕು.

ದಕ್ಷಿಣ ಭಾರತದ ಪಶ್ಚಿಮ ಕರಾವಳಿ ಮತ್ತು ಸಿಂಹಳ ಈ ಮರದ ಸ್ವಂತ ನೆಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲ್ಲಿಮೀಟರು ಮಳೆ ಬೀಳುತ್ತದೆ. ಆ ಮಳೆ, ಈ ಮುರಕಲ್ಲಿನ ನೆಲ, ಬೇಸಗೆಯ ಈ ಸೆಕೆ, ಎಲ್ಲವೂ ಇದಕ್ಕೆ ಒಗ್ಗಿ ಹೋಗಿದೆ.

ಇದರ ಓಲೆ ನಮ್ಮ ಹಿರಿಯರಿಗೆ ಕಾಗದವಾಗಿತ್ತು. ಬಿಚ್ಚದೆ ಇರುವ ಎಳೆಯ ಸುಳಿ ಎಲೆಯನ್ನು ತೆಗೆದು, ಬೇಯಿಸಿ, ಒಣಗಿಸಿ, ಹದಮಾಡಿ ಬರೆಯುತ್ತಿದ್ದರು. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಧವಲ, ಜಯಧವಲ, ಮಹಾಧವಲ ಎಂಬ ಜೈನ ಸಿದ್ಧಾಂತ ಗ್ರಂಥಗಳ ಹೆಸರು ನೀವು ಕೇಳಿರಬಹುದು. ಹನ್ನೆರಡನೆಯ ಶತಮಾನದಷ್ಟು ಹಳೆಯ ಆ ಓಲೆಗಳು ಶ್ರೀತಾಳೆಯವು. ಹಳಗನ್ನಡ ಲಿಪಿಯಲ್ಲಿ ಬರೆದವು. ಚಿತ್ರವಿರುವ ಓಲೆಗಳೂ ಅದರಲ್ಲಿ ಉಂಟು. ಅವನ್ನು ನೋಡಿ ತಯಾರಿಸಿದ ಧವಲದ ಪಾಠ 1939ರಿಂದ ಮುದ್ರಣವಾಗಿ ದೇಶಕ್ಕೆಲ್ಲ ಸಿಕ್ಕಿತು. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿಯೂ ಓಲೆಗ್ರಂಥಗಳನ್ನು ನೋಡಬಹುದು. ಎಂಟುನೂರು ವರ್ಷ ತಾಳುವ ಎಲೆಯನ್ನು ಕೊಟ್ಟ ಮರ ನಮ್ಮ ಗುಡ್ಡೆಯದ್ದು ಎಂಬುದನ್ನು ಮಕ್ಕಳಿಗೂ ಹೇಳಬೇಕು.

ಓದು ಬರಹದವರಿಗೆ ಮಾತ್ರ ಇದು ಬೇಕಾಗಿತ್ತು ಎಂದು ತಿಳಿಯಬಾರದು. ಓಲೆಕೊಡೆಗೂ, ಮಳೆಯಲ್ಲಿ ನೇಜಿ ನೆಡುವಾಗ ತಲೆ ಬೆನ್ನಿಗೆ ಹಾಕಿಕೊಳ್ಳುವ ಗೊರಬೆಗೂ, ಮಾಡಿಗೆ ಹೊದಿಸುವುದಕ್ಕೂ ಇದರ ಓಲೆ ಬರುತ್ತಿತ್ತು. ಗಟ್ಟಿಯಾದ ಬೀಜದಿಂದ ಜಪದ ಮಣಿ, ಅಂಗಿಯ ಗುಂಡಿ ಮಾಡುತ್ತಿದ್ದರು. ಬರಗಾಲ ಬಂದಾಗ ಕಾಂಡದ ತಿರುಳನ್ನು ಕುಟ್ಟಿ, ತೊಳೆದು, ಹಿಟ್ಟು ತೆಗೆದು ಹೊಟ್ಟೆ ತುಂಬಿಸಿಕೊಂಡವರೂ ಇದ್ದರು.

ಒಂದೇ ಸಲ ಹೂಬಿಡುವುದೇಕೆ?

ಇದನ್ನು ಅಡಿಕೆಗೆ ಹೋಲಿಸಿದರೆ ಸುಲಭದಲ್ಲಿ ಗೊತ್ತಾಗುತ್ತದೆ. ಅಡಿಕೆಯ ಹಿಂಗಾರ ಎಲ್ಲಿಂದ ಬರುತ್ತದೆ? ಹಾಳೆ ಬಿದ್ದ ಜಾಗದಿಂದ, ಅಂದರೆ ಸೋಗೆಯ ಬುಡದಿಂದ. ಮರದ ತುದಿಯ ಸುಳಿ ಹಾಗೆಯೇ ಇರುತ್ತದೆ, ಹೊಸ ಸೋಗೆ ಕೊಡುತ್ತಾ ಇರುತ್ತದೆ. ಆದ್ದರಿಂದ ಅಡಿಕೆ ಮರ ವರ್ಷ ವರ್ಷ ಫಲ ಕೊಟ್ಟೂ ಬದುಕುತ್ತದೆ.

ಶ್ರೀತಾಳೆಯಲ್ಲಿ ಹಾಗಿಲ್ಲ. ಮೂವತ್ತರಿಂದ ಎಂಬತ್ತು ವರ್ಷದವರೆಗೆ ಅದು ಎಲೆ ಮಾತ್ರ ಬಿಡುತ್ತಾ, ತಯಾರಿಸಿದ ಆಹಾರವನ್ನೆಲ್ಲ ಹಿಟ್ಟಿನ ರೂಪದಲ್ಲಿ ಕಾಂಡದೊಳಗೆ ಕೂಡಿಡುತ್ತದೆ. ಜಿಪುಣ ಯಜಮಾನ ತಿಜೋರಿ ತುಂಬಿಸಿದ ಹಾಗೆ. ಕೊನೆಗೆ ಒಂದು ವರ್ಷ ತುದಿಯ ಸುಳಿಯೇ ಹೂವಿನ ಗೊನೆಯಾಗಿ ಮಾರ್ಪಡುತ್ತದೆ. ಸುಳಿಯೇ ಹೂವಾದ ಮೇಲೆ ಹೊಸ ಎಲೆ ಬರುವ ದಾರಿ ಮುಚ್ಚಿತು. ಕೂಡಿಟ್ಟದ್ದನ್ನೆಲ್ಲ ಆ ಗೊನೆಗೆ ಸುರಿದು ಮರ ಬರಿದಾಗುತ್ತದೆ. 6ರಿಂದ 8 ಮೀಟರು ಎತ್ತರದ ಆ ಗೊನೆಯಲ್ಲಿ ಲಕ್ಷ ಲಕ್ಷ ಹೂಗಳಿರುತ್ತವೆ. ಕವಲೊಡೆದ ಹೂಗೊಂಚಲುಗಳಲ್ಲಿ ಲೋಕದಲ್ಲೇ ಇದು ದೊಡ್ಡದು ಎಂದು ಸಸ್ಯಶಾಸ್ತ್ರದವರು ಲೆಕ್ಕ ಹಾಕಿದ್ದಾರೆ. ಕಾಯಿ ಬಲಿತು ಹಣ್ಣಾಗುವುದಕ್ಕೆ ಮತ್ತೂ ಸುಮಾರು ಒಂದು ವರ್ಷ ಹಿಡಿಯುತ್ತದೆ.

"ಬಾಳೆಯೂ ಒಂದೇ ಗೊನೆ ಹಾಕಿ ಸಾಯುತ್ತದಲ್ಲವೋ?" ಎಂದು ನೀವು ಕೇಳಬಹುದು. ಸರಿಯಾದ ಮಾತು. ಆದರೆ ಬಾಳೆ ಸಾಯುವ ಮೊದಲು ಬುಡದಲ್ಲಿ ನಾಲ್ಕು ಕಂದು ಬಿಟ್ಟು ಹೋಗುತ್ತದೆ. ಶ್ರೀತಾಳೆಗೆ ಕಂದು ಇಲ್ಲ, ಗೆಲ್ಲು ಇಲ್ಲ, ಕಸಿ ಕಟ್ಟುವ ಉಪಾಯವೂ ಇಲ್ಲ. ಅದರ ಸಂತಾನ ಮುಂದುವರಿಯುವುದು ಬೀಜದಿಂದ ಮಾತ್ರ.

ಕಡಿಯುವ ಮೊದಲು ಒಂದು ಮಾತು

ಪಣೋಲಿ ಹೂಬಿಟ್ಟರೆ ಊರಿಗೆ ಕೇಡು, ಮನೆಗೆ ಅಪಶಕುನ ಎಂಬ ನಂಬಿಕೆ ನಮ್ಮಲ್ಲಿ ಉಂಟು. ಹಾಗಾಗಿ ಗೊನೆ ತಲೆಯೆತ್ತಿದ ಕೂಡಲೇ ಮರ ಕಡಿಸುವವರಿದ್ದಾರೆ. ಹಿರಿಯರ ಮಾತನ್ನು ಹಗುರವಾಗಿ ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ಆದರೆ ಆ ಮಾತು ಹುಟ್ಟಿದ್ದು ಹೇಗಿರಬಹುದು ಎಂದು ಸ್ವಲ್ಪ ಯೋಚನೆ ಮಾಡೋಣ. ಒಬ್ಬ ಮನುಷ್ಯ ತನ್ನ ಜೀವಮಾನದಲ್ಲಿ ಒಂದೆರಡು ಸಲವಷ್ಟೇ ಇದರ ಹೂವನ್ನು ಕಾಣುತ್ತಾನೆ. ಹೂಬಿಟ್ಟ ದೊಡ್ಡ ಮರ ಕಣ್ಣೆದುರೇ ಸಾಯುತ್ತದೆ. ಬರಗಾಲದಲ್ಲಿ ತಿರುಳಿಗಾಗಿ ಈ ಮರವನ್ನು ಹುಡುಕಿಕೊಂಡು ಹೋದ ನೆನಪೂ ಇರುತ್ತದೆ. ಇವೆಲ್ಲ ಸೇರಿ ಹೂವಿಗೂ ಕೇಡಿಗೂ ಗಂಟು ಬಿದ್ದಿರಬಹುದು. ನಿಜವಾಗಿ ನೋಡಿದರೆ ಸಾಯುವುದು ಮರ ಒಂದೇ. ಅದೂ ತನ್ನ ಆಯುಷ್ಯ ಮುಗಿಸಿಕೊಂಡು, ಸಾವಿರಾರು ಬೀಜ ಕೊಟ್ಟು ಸಾಯುತ್ತದೆ. ಹಾಗೆ ಬದುಕಿ ಹೋದ ಮನುಷ್ಯನನ್ನು ನಾವು ಪುಣ್ಯವಂತ ಎನ್ನುತ್ತೇವೆ.

ಕಡಿದರೆ ಏನಾಗುತ್ತದೆ ಎಂಬುದಕ್ಕೆ ಬಂಗಾಳದ ಒಂದು ಉದಾಹರಣೆ ಸಾಕು. ಅಲ್ಲಿ ಶ್ರೀತಾಳೆಯ ತಮ್ಮನಂತಿರುವ ತಾಲಿ ಎಂಬ ಇನ್ನೊಂದು ಜಾತಿ ಇತ್ತು. ಅದೂ ಒಂದೇ ಸಲ ಹೂಬಿಡುವ ಮರ. 1979ರಲ್ಲಿ ಶಾಂತಿನಿಕೇತನದ ಹತ್ತಿರದ ಹಳ್ಳಿಯೊಂದರಲ್ಲಿ ತಾನಾಗಿ ಬೆಳೆದು ಉಳಿದಿದ್ದ ಮರ ಹೂಬಿಟ್ಟಿತು. ಆ ವಿಚಿತ್ರ ಗೊನೆಯನ್ನು ಕಂಡ ಹಳ್ಳಿಯವರು ಪಿಶಾಚಿಯ ಮರವೆಂದು ಹೆದರಿ ಕಡಿದು ಹಾಕಿದರು. ಬೀಜವಾಗುವ ಮೊದಲೇ ಕಡಿದರು. ಆಮೇಲೆ ಆ ಜಾತಿ ಕಾಡಿನಲ್ಲಿ ಎಲ್ಲಿಯೂ ಕಾಣಸಿಗಲಿಲ್ಲ. ಢಾಕಾ ವಿಶ್ವವಿದ್ಯಾಲಯದ ಆವರಣದಲ್ಲಿ ಅದೇ ಜಾತಿಯ ಒಂದು ಮರ ಇತ್ತು. ಅದು 2008ರಲ್ಲಿ ಹೂಬಿಟ್ಟಾಗ ಜನ ಅದನ್ನು ಕಾದರು. ಹಣ್ಣು ಹೆಕ್ಕಿದರು, ಬೀಜ ಹಾಕಿದರು, ಸಸಿಗಳಾದವು. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಬುಟ್ಟಿ. ಇಷ್ಟೇ ವ್ಯತ್ಯಾಸ.

ಮನೆಯ ಮೇಲೆ ಬೀಳಬಹುದು ಎಂಬ ಹೆದರಿಕೆಯಿಂದ ಕಡಿಯುವವರೂ ಇದ್ದಾರೆ. ಅದು ನ್ಯಾಯವಾದ ಹೆದರಿಕೆಯೇ. ಆದರೆ ಹಣ್ಣು ಉದುರುವ ತನಕ ಮರದಲ್ಲಿ ಜೀವ ಇರುತ್ತದೆ. ಬುಡ ಗಟ್ಟಿ ಇದೆಯೋ ಎಂದು ನೋಡಿಕೊಂಡು ಅಷ್ಟು ದಿನ ಬಿಡಿ. ಬೀಜ ಸಿಕ್ಕಿದ ಮೇಲೆ, ಕಾಂಡ ಕುಂಬಾಗುವ ಮೊದಲು, ಅನುಭವಸ್ಥರನ್ನು ಕರೆಸಿ ಹಗ್ಗ ಕಟ್ಟಿ ಇಳಿಸಬಹುದು. ವಿದ್ಯುತ್ ತಂತಿಯ ಬಳಿ ಇದ್ದರೆ ಮೆಸ್ಕಾಂನವರಿಗೆ ಮೊದಲೇ ತಿಳಿಸಬೇಕು.

ಬೀಜ ಹೆಕ್ಕುವ ರೀತಿ

ಹಣ್ಣು ದುಂಡಗೆ ಇರುತ್ತದೆ. 3ರಿಂದ 4 ಸೆಂಟಿಮೀಟರು ದಪ್ಪ, ಅಂದರೆ ದೊಡ್ಡ ನೆಲ್ಲಿಕಾಯಿಯ ಅಂದಾಜು. ಒಂದು ಹಣ್ಣಿಗೆ ಒಂದೇ ಬೀಜ. ಮರ ಹತ್ತಿ ಕೊಯ್ಯುವ ಸಾಹಸ ಬೇಡವೇ ಬೇಡ. ಮರದಡಿಯನ್ನು ಗುಡಿಸಿ ಹಳೆಯ ಬಲೆಯನ್ನೋ ತಾಡಪಾಲನ್ನೋ ಹಾಸಿ, ತಾನಾಗಿ ಉದುರಿದ ಹಣ್ಣನ್ನು ದಿನಾಲು ಹೆಕ್ಕಬೇಕು. ಎಳತರಲ್ಲಿ ಗಾಳಿಗೆ ಬಿದ್ದ ಕಾಯಿ ಹುಟ್ಟುವುದಿಲ್ಲ. ಸಿಪ್ಪೆ ಮೆತ್ತಗಾಗಿ, ಒಳಗಿನ ಬೀಜ ಕಲ್ಲಿನಂತೆ ಗಟ್ಟಿಯಾಗಿದ್ದರೆ ಅದು ಬಲಿತದ್ದು.

ಹೆಕ್ಕಿದ ಹಣ್ಣಿನ ಸಿಪ್ಪೆ, ತಿರುಳು ಪೂರ್ತಿ ತೆಗೆಯಬೇಕು. ಇಲ್ಲಿ ಅಡಿಕೆಯ ಕ್ರಮಕ್ಕಿಂತ ಬೇರೆ. ಅಡಿಕೆಯನ್ನು ಸಿಪ್ಪೆ ಸಹಿತ ಇಡಿಯಾಗಿ ಹಾಕುತ್ತೇವೆ. ಇದರ ತಿರುಳನ್ನು ಹಾಗೇ ಬಿಟ್ಟರೆ ಅದು ಕೊಳೆತು ಬೂಷ್ಟು ಹಿಡಿದು ಬೀಜವನ್ನೂ ಕೆಡಿಸುತ್ತದೆ. ಬಾಲ್ದಿಯಲ್ಲಿ ಎರಡು ಮೂರು ದಿನ ನೀರಲ್ಲಿ ಹಾಕಿಟ್ಟು, ದಿನಾಲು ನೀರು ಬದಲಿಸಿ, ಮರಳಿನೊಂದಿಗೆ ತಿಕ್ಕಿದರೆ ಬೀಜ ಶುದ್ಧವಾಗುತ್ತದೆ.

ಈಗ ಹೇಳುವ ಮಾತನ್ನು ತಾಯಂದಿರು ಮುಖ್ಯವಾಗಿ ಗಮನಿಸಬೇಕು. ಈ ಹಣ್ಣಿನ ತಿರುಳು ಮೀನಿಗೆ ವಿಷ. ಹಿಂದೆ ಮೀನು ಹಿಡಿಯುವುದಕ್ಕೆ ಇದನ್ನು ಜಜ್ಜಿ ನೀರಿಗೆ ಹಾಕುತ್ತಿದ್ದ ರೂಢಿ ಇತ್ತು. ಆದ್ದರಿಂದ ತೋಡಿನಲ್ಲಿ, ಕೆರೆಯಲ್ಲಿ, ಬಾವಿಕಟ್ಟೆಯಲ್ಲಿ ಇದನ್ನು ತೊಳೆಯಕೂಡದು. ತೊಳೆದ ನೀರನ್ನು ದನ ಕುಡಿಯುವಲ್ಲಿ ಚೆಲ್ಲಕೂಡದು. ಗುಂಡಿ ತೋಡಿ ಅದರಲ್ಲಿ ಹೊಯ್ದು ಮಣ್ಣು ಮುಚ್ಚಿರಿ. ಮಕ್ಕಳು ಹಣ್ಣನ್ನು ಬಾಯಿಗೆ ಹಾಕದಂತೆ ನೋಡಿಕೊಳ್ಳಿರಿ. ಕೆಲಸ ಮುಗಿದ ಮೇಲೆ ಕೈಯನ್ನು ಸಾಬೂನಿನಲ್ಲಿ ತೊಳೆದುಕೊಳ್ಳಿರಿ.

ಶುದ್ಧಮಾಡಿದ ಬೀಜವನ್ನು ಬಿಸಿಲಿಗೆ ಹಾಕಬಾರದು. ಭತ್ತ, ಉದ್ದಿನಂತೆ ಒಣಗಿಸಿ ಕಟ್ಟಿಡುವ ಬೀಜ ಇದಲ್ಲ. ತಾಳೆ ಕುಲದ ಹೆಚ್ಚಿನ ಬೀಜಗಳಲ್ಲಿ ಒಳಗಿನ ಮೊಳೆ ಒಣಗಿತೆಂದರೆ ಮುಗಿಯಿತು. ನೆರಳಲ್ಲಿ ನೀರು ಆರಿದ ಕೂಡಲೇ ಬಿತ್ತಬೇಕು. ದೂರದವರಿಗೆ ಕಳುಹಿಸುವುದಿದ್ದರೆ ಒದ್ದೆ ಮರಳಿನಲ್ಲೋ ತೆಂಗಿನ ನಾರಿನ ಹುಡಿಯಲ್ಲೋ ಬೆರೆಸಿ ಕಳುಹಿಸಬಹುದು.

ಮೊಳಕೆಯ ಗುಟ್ಟು

ಇನ್ನು ಬಿತ್ತುವ ವಿಷಯ. ಮೊದಲು ನಿಮಗೆ ಪರಿಚಯ ಇರುವ ಅಡಿಕೆಯನ್ನೇ ತೆಗೆದುಕೊಳ್ಳೋಣ. ನಮ್ಮ ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಶುರುವಾಯಿತು. ಈಗ ಅದು ಸಿ.ಪಿ.ಸಿ.ಆರ್.ಐ.ಯ ಪ್ರಾದೇಶಿಕ ಕೇಂದ್ರ. 1972ರಲ್ಲಿ ಬಂದ ಮಂಗಳ, 1991ರಲ್ಲಿ ಬಂದ ಮೋಹಿತ್‌ನಗರ ತಳಿಗಳನ್ನು ನೀವೆಲ್ಲ ಬಲ್ಲಿರಿ. ಆ ಸಂಸ್ಥೆಯವರು ಹೇಳುವ ಕ್ರಮ ಹೀಗಿದೆ: ಬೇಗ ಫಲಕ್ಕೆ ಬಂದು, ಗಂಟು ಹತ್ತಿರ ಹತ್ತಿರ ಇದ್ದು, ವರ್ಷ ವರ್ಷ ಚೆನ್ನಾಗಿ ಕಾಯಿ ಕಚ್ಚುವ ತಾಯಿಮರ, ಅದರ ನಡುವಣ ಗೊನೆಯ, 35 ಗ್ರಾಮಿಗಿಂತ ಹೆಚ್ಚು ತೂಕದ, ಪೂರ್ತಿ ಹಣ್ಣಾದ ಕಾಯಿ. ಅದನ್ನು ತೊಟ್ಟಿನ ಕಡೆ ಮೇಲೆ ಮಾಡಿ, ಮರಳಿನ ಪಾತಿಯಲ್ಲಿ 5 ಸೆಂಟಿಮೀಟರಿಗೊಂದರಂತೆ ಇಡುವುದು. ಸುಮಾರು ಒಂದೂವರೆ ತಿಂಗಳಲ್ಲಿ ಮೊಳಕೆ. ಮೂರು ತಿಂಗಳಾಗಿ ಎರಡು ಮೂರು ಎಲೆ ಬಂದಾಗ ಕಿತ್ತು ಎರಡನೆಯ ಪಾತಿಗೋ ತೊಟ್ಟೆಗೋ ಹಾಕುವುದು. ಒಂದು ಒಂದೂವರೆ ವರ್ಷದ ಸಸಿಯನ್ನು ಆರಿಸುವಾಗ ಎಲೆಯ ಸಂಖ್ಯೆಯನ್ನು 40ರಿಂದ ಗುಣಿಸಿ, ಸಸಿಯ ಎತ್ತರದ ಸೆಂಟಿಮೀಟರನ್ನು ಅದರಿಂದ ಕಳೆಯಬೇಕು. ಆರು ಎಲೆಯ, 90 ಸೆಂಟಿಮೀಟರಿನ ಸಸಿಗೆ 150 ಬರುತ್ತದೆ. ಐದು ಎಲೆಯ, 110 ಸೆಂಟಿಮೀಟರಿನ ಸಸಿಗೆ 90 ಬರುತ್ತದೆ. ಹೆಚ್ಚು ಬಂದದ್ದನ್ನು ನೆಡಬೇಕು. ಬಳಚಿಕೊಂಡು ಎತ್ತರ ಹೋದ ಸಸಿಗೆ ಮರುಳಾಗಬಾರದು ಎಂಬುದೇ ಈ ಲೆಕ್ಕದ ಸಾರ.

ಇಷ್ಟನ್ನು ಬಲ್ಲವರು ಶ್ರೀತಾಳೆಯನ್ನೂ ಹಾಗೆಯೇ ಮರಳಿನ ಪಾತಿಯಲ್ಲಿ ಹಾಕಿದರೆ ಕೆಡುತ್ತದೆ. ಯಾಕೆಂದರೆ ಎರಡರ ಮೊಳಕೆಯ ಕ್ರಮ ಬೇರೆ. ಅಡಿಕೆಯಲ್ಲಿ ಮೊಳಕೆ ಕಾಯಿಗೆ ತಾಗಿಕೊಂಡೇ ಮೇಲೆ ಬರುತ್ತದೆ, ಬೇರು ಅಲ್ಲಿಯೇ ಇಳಿಯುತ್ತದೆ. ಹಾಗಾಗಿ ಕಿತ್ತು ಬೇರೆಡೆ ಇಡುವುದು ಸುಲಭ. ಶ್ರೀತಾಳೆಯ ಬೀಜ ಮೊದಲು ಒಂದು ಕೊಳವೆಯಂಥ ದಂಟನ್ನು ಮಣ್ಣಿನೊಳಕ್ಕೆ ಇಳಿಸುತ್ತದೆ. ಸಸಿಯ ಮೊಳೆ ಆ ದಂಟಿನ ತುದಿಯಲ್ಲಿ ಇರುತ್ತದೆ. ನೆಲದ ಕೆಳಗೆ ಸಾಕಷ್ಟು ಆಳಕ್ಕೆ ಹೋದ ಮೇಲೆ ಅಲ್ಲಿಂದ ಬೇರು ಕೆಳಕ್ಕೆ, ಎಲೆ ಮೇಲಕ್ಕೆ ಹೊರಡುತ್ತದೆ. ಬೀಜ ಒಂದು ಕಡೆ, ಸಸಿ ಇನ್ನೊಂದು ಕಡೆ. ಬೇಸಗೆಯ ಬಿಸಿಲಿಗೂ ಬೆಂಕಿಗೂ ಎಳೆ ಸುಳಿ ಸಿಗದಿರಲಿ ಎಂದು ಪ್ರಕೃತಿ ಮಾಡಿಟ್ಟ ಉಪಾಯ ಇದು. ನಮ್ಮ ತಾಳೆ ಮರವೂ ಇದೇ ಕ್ರಮದ್ದು.

ಇದರಿಂದ ಮೂರು ಸಂಗತಿ ತಿಳಿಯತಕ್ಕದ್ದು. ಒಂದನೆಯದು, ಗಿಡ್ಡ ತೊಟ್ಟೆ ಸಾಲದು. ಕಡಿಮೆಯೆಂದರೆ ಒಂದೂವರೆ ಅಡಿ ಆಳದ ತೊಟ್ಟೆ ಬೇಕು. ಸಿಮೆಂಟಿನ ಗೋಣಿಯನ್ನು ಉದ್ದಕ್ಕೆ ಕತ್ತರಿಸಿ ಹೊಲಿದರೂ ಆದೀತು. ಎರಡನೆಯದು, ಮೇಲೆ ಏನೂ ಕಾಣುವುದಿಲ್ಲವೆಂದು ಕೆದಕಿ ನೋಡಬಾರದು. ಬೀಜದಿಂದ ಎಳೆದರೆ ಆ ದಂಟು ತುಂಡಾಗಿ ಸಸಿ ಅಲ್ಲಿಯೇ ಸಾಯುತ್ತದೆ. ಮೂರನೆಯದು, ಎಲೆ ಬಂತೆಂದು ಬೀಜವನ್ನು ಕಿತ್ತು ಬಿಸಾಡಬಾರದು. ಎಳೆ ಸಸಿ ಬಹಳ ಕಾಲ ಆ ಬೀಜದ ಆಹಾರವನ್ನೇ ಉಣ್ಣುತ್ತಾ ಇರುತ್ತದೆ.

ತೊಟ್ಟೆಗೆ ಎರಡು ಪಾಲು ಮೇಲ್ಮಣ್ಣು, ಒಂದು ಪಾಲು ಹೊಳೆಮರಳು, ಒಂದು ಪಾಲು ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಬೆರೆಸಿ ತುಂಬಿಸಿರಿ. ಹಸಿ ಗೊಬ್ಬರ ಬೇಡ. ತಳದಲ್ಲಿ ನಾಲ್ಕೈದು ತೂತು ಇರಲಿ. ಒಂದು ತೊಟ್ಟೆಗೆ ಒಂದು ಬೀಜ. ಮೇಲೆ ಒಂದು ಅಂಗುಲ ಮಣ್ಣು ಸಾಕು. ಬಿತ್ತಿದ ತಾರೀಕನ್ನು ಒಂದು ಹಲಗೆ ಚೂರಿನಲ್ಲಿ ಬರೆದು ಕುತ್ತಿ ಇಡಿರಿ. ಹುಟ್ಟುವುದಕ್ಕೆ ಕೆಲವಕ್ಕೆ ವಾರಗಳು ಸಾಕು, ಕೆಲವಕ್ಕೆ ತಿಂಗಳುಗಳು ಬೇಕು. ಒಂದೇ ದಿನ ಹಾಕಿದ ಬೀಜ ಒಟ್ಟಿಗೆ ಏಳುವುದಿಲ್ಲ. ನೆರೆಮನೆಯದ್ದು ಹುಟ್ಟಿತು, ನಮ್ಮದು ಹುಟ್ಟಲಿಲ್ಲ ಎಂದು ಚೆಲ್ಲಿಬಿಡಬೇಡಿ.

ತೊಟ್ಟೆಗಳನ್ನು ಸೋಗೆಯ ಚಪ್ಪರದಡಿ ಇಡಬೇಕು. ಸೂರಿನ ನೀರು ಬೀಳುವಲ್ಲಿ ಇಟ್ಟರೆ ಆಟಿಯ ಮಳೆಗೆ ಮಣ್ಣೆಲ್ಲ ಹೊರಟು ಬೀಜ ಮೇಲೆ ಬರುತ್ತದೆ, ಇಲ್ಲವೇ ನೀರು ನಿಂತು ಕೊಳೆಯುತ್ತದೆ. ಬೇಸಗೆಯಲ್ಲಿ ಮಣ್ಣು ಒಣಗದಷ್ಟು ನೀರು ಸಾಕು. ತೊಟ್ಟೆಯ ಅಡಿಗೆ ಹಳೆಯ ಹೆಂಚು ಇಟ್ಟರೆ ಬೇರು ನೆಲಕ್ಕೆ ಇಳಿಯುವುದಿಲ್ಲ, ಎತ್ತುವಾಗ ಕಡಿಯುವುದಿಲ್ಲ.

ನೆಡುವ ಜಾಗೆ

ಎರಡನೆಯ ಮಳೆಗಾಲಕ್ಕೆ, ಮೂರು ನಾಲ್ಕು ಎಲೆಯಾದಾಗ ನೆಡಬಹುದು. ಮೂರು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಮೇಲ್ಮಣ್ಣು, ಸುಡುಮಣ್ಣು, ಗೊಬ್ಬರ ತುಂಬಿಸಿ ಮಳೆ ಹಿಡಿದ ಮೇಲೆ ನೆಡಿ. ತೊಟ್ಟೆಯನ್ನು ಗುಂಡಿಯ ಬಾಯಿಯಲ್ಲೇ ಸೀಳಿ, ಮಣ್ಣಿನ ಉಂಡೆ ಒಡೆಯದಂತೆ ಇಳಿಸಬೇಕು. ಸುಳಿ ಮಣ್ಣಿನಡಿ ಹೂತುಹೋಗಬಾರದು. ತಾಳೆ ಕುಲದ ಮರಕ್ಕೆ ಸುಳಿ ಒಂದೇ. ಅದು ಹೋದರೆ ಪಕ್ಕದಿಂದ ಚಿಗುರುವುದಿಲ್ಲ.

ಇದ್ದಲ್ಲೇ ಬೀಜ ಹಾಕುವ ಕ್ರಮವೂ ಉಂಟು, ಈ ಮರದ ಸ್ವಭಾವಕ್ಕೆ ಅದೇ ಒಳ್ಳೆಯದು. ಗುಂಡಿ ತುಂಬಿಸಿ ಮೂರು ಬೀಜ ಹಾಕಿ, ಚೆನ್ನಾಗಿ ಬಂದ ಒಂದನ್ನು ಉಳಿಸಿಕೊಳ್ಳುವುದು. ಆದರೆ ಮುಳ್ಳುಹಂದಿ, ಕಾಡುಹಂದಿ ಅಗೆದು ಹಾಕದಂತೆ ಮೇಲೆ ಮುಳ್ಳಿನ ಗೆಲ್ಲು ಹೊದಿಸಬೇಕು. ದನಕ್ಕೆ ಬೇಲಿ ಬೇಕು.

ಎಲ್ಲಿ ನೆಡಬಾರದು ಎಂಬುದನ್ನೂ ಹೇಳುತ್ತೇನೆ. ಅಡಿಕೆ ತೋಟದ ನಡುವೆ ನೆಡಬಾರದು. ಇದರ ಎಲೆಯ ನೆರಳಿಗೆ ಹತ್ತಾರು ಅಡಿಕೆ ಮರ ಸೊರಗುತ್ತದೆ. ಮನೆ, ಹಟ್ಟಿ, ಬಾವಿ, ತಂತಿ, ರಸ್ತೆಯಿಂದ ಕಡಿಮೆಯೆಂದರೆ ಮೂವತ್ತು ಅಡಿ ದೂರ ಇರಲಿ. ಜಾಗೆ ಇದ್ದರೆ ಮರದ ಎತ್ತರದಷ್ಟು ದೂರ ಬಿಟ್ಟರೆ ಮುಂದೆ ಚಿಂತೆಯಿಲ್ಲ. ಗುಡ್ಡೆಯ ಬುಡ, ಬನದ ಅಂಚು, ಶಾಲೆಯ ಮೈದಾನದ ಮೂಲೆ, ದೇವಸ್ಥಾನ ಬಸದಿಗಳ ಹಿತ್ತಿಲು ಇದಕ್ಕೆ ತಕ್ಕ ಜಾಗೆ. ನೀರು ನಿಲ್ಲುವ ಬೈಲು ಬೇಡ.

ಮೊದಲ ಹಲವು ವರ್ಷ ಕಾಂಡವೇ ಕಾಣಿಸುವುದಿಲ್ಲ. ನೆಲಮಟ್ಟದಲ್ಲಿ ಎಲೆ ಮಾತ್ರ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಾ ಹೋಗುತ್ತದೆ. ಗಿಡ ಕುಂಠಿತವಾಯಿತೆಂದು ಕಿತ್ತುಹಾಕಬೇಡಿ. ಬುಡ ದಪ್ಪವಾಗದೆ ತಾಳೆ ಕುಲದ ಮರ ಮೇಲೆ ಏಳುವುದಿಲ್ಲ.

ಒಂದು ಮರದಿಂದ ಸಾವಿರಾರು ಬೀಜ ಸಿಕ್ಕಿದಾಗ ಎಲ್ಲವನ್ನೂ ಒಂದೇ ಗುಡ್ಡೆಯಲ್ಲಿ ಸಾಲಾಗಿ ನೆಡುವುದು ಜಾಣತನವಲ್ಲ. ಒಂದೇ ವಯಸ್ಸಿನ ಮರಗಳು ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಮುದಿಯಾದಾವು. ಹತ್ತು ಊರಿಗೆ ಹಂಚಿರಿ. ಬೇರೆ ಮರದ ಬೀಜ ಬೇರೆ ವರ್ಷ ಸಿಕ್ಕಿದರೆ ಅದನ್ನೂ ಹಾಕಿರಿ. ಆಗ ಒಂದು ಮುಗಿಯುವಾಗ ಇನ್ನೊಂದು ಇರುತ್ತದೆ.

ಅಂದದ ಗಿಡಗಳಿಗೂ ಇದೇ ಪಾಠ

ಅಂಗಳದ ಅಂದಕ್ಕೆ ಬಾಟ್ಲಿ ಪಾಮ್, ಹಳದಿ ದಂಟಿನ ಅರೆಕಾ ಪಾಮ್ ಮುಂತಾದವನ್ನು ಈಗ ಹಳ್ಳಿಯಲ್ಲೂ ನೆಡುತ್ತಾರೆ. ಹೆಸರಲ್ಲಿ ಅರೆಕಾ ಇದ್ದರೂ ಅದು ಅಡಿಕೆಯಲ್ಲ. ಮಡಗಾಸ್ಕರ್ ದ್ವೀಪದ ಗಿಡ. ಇವುಗಳ ಸಸಿಗೆ ಪೇಟೆಯಲ್ಲಿ ಗಿರಾಕಿ ಉಂಟು. ಸ್ವಸಹಾಯ ಸಂಘದ ಅಕ್ಕಂದಿರು ಹಿತ್ತಿಲಿನಲ್ಲೇ ಮಾಡಬಹುದಾದ ಕೆಲಸ. ನಿಯಮ ನಾಲ್ಕೇ: ಪೂರ್ತಿ ಹಣ್ಣಾದದ್ದನ್ನೇ ಆರಿಸುವುದು, ತಿರುಳು ತೆಗೆಯುವುದು, ಒಣಗಿಸದೆ ಕೂಡಲೇ ಹಾಕುವುದು, ಒದ್ದೆ ಇರಬೇಕು ಆದರೆ ನೀರು ನಿಲ್ಲಬಾರದು. ಬೈನೆಯ ಹಣ್ಣು ಮಾತ್ರ ಬರಿಗೈಯಲ್ಲಿ ಹಿಸುಕಬೇಡಿ. ಅದರ ರಸ ತಾಗಿದರೆ ವಿಪರೀತ ತುರಿಕೆ. ಕೈಗವಸು ಹಾಕಿಕೊಳ್ಳಬೇಕು. ಬೈನೆಯೂ ಹೂಬಿಡುವುದಕ್ಕೆ ಶುರುಮಾಡಿ, ಮೇಲಿನಿಂದ ಕೆಳಗಿನ ಗಂಟಿನವರೆಗೆ ಗೊನೆ ಹಾಕಿ ಮುಗಿಸಿದ ಮೇಲೆ ಸಾಯುವ ಮರವೇ. ಅದರ ಬೀಜವನ್ನೂ ಮರೆಯಬಾರದು.

ಲಾಭದ ಮಾತು

"ಇಷ್ಟೆಲ್ಲ ಮಾಡಿ ನಮಗೇನು ಸಿಗ್ತದೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ, ಬರಬೇಕಾದದ್ದೇ. ಅಡಿಕೆಯಂತೆ ವರ್ಷ ವರ್ಷ ತೂಕ ಮಾಡಿ ಮಾರುವ ಬೆಳೆ ಇದಲ್ಲ. ಸಸಿ ಮಾಡಿ ಕೊಟ್ಟರೆ ನಾಲ್ಕು ಕಾಸು ಬಂದೀತು. ಮರ ಬೆಳೆದ ಮೇಲೆ ಓಲೆಯ ಕಸುಬು ಬಲ್ಲವರಿಗೆ ಓಲೆ ಸಿಗುತ್ತದೆ. ಇಂದು ನೆಟ್ಟವರು ಇದರ ಹೂವನ್ನು ಕಾಣುವುದು ಕಷ್ಟ. ಮಕ್ಕಳು, ಮೊಮ್ಮಕ್ಕಳು ಕಂಡಾರು. ಹಾಗೆಂದು ನಮಗೆ ಇದು ಹೊಸ ಮಾತೇನೂ ಅಲ್ಲ. ಹಲಸು, ಮಾವು, ಹುಣಸೆ ನೆಟ್ಟವರೆಲ್ಲ ಲಾಭದ ಪುಸ್ತಕ ಇಟ್ಟುಕೊಂಡು ನೆಟ್ಟವರಲ್ಲ. ಅವರು ನೆಟ್ಟದ್ದನ್ನು ನಾವು ತಿನ್ನುತ್ತಾ ಇದ್ದೇವೆ.

ಆದ್ದರಿಂದ ನಿಮ್ಮಲ್ಲಿ ನನ್ನ ಕೇಳಿಕೆ ಇಷ್ಟು. ನಿಮ್ಮ ಗ್ರಾಮದಲ್ಲಿ ಪಣೋಲಿ ಮರ ಎಲ್ಲೆಲ್ಲಿ ಉಂಟೆಂದು ಗುರುತು ಮಾಡಿಡಿ. ಯಾವುದಾದರೂ ಮರದ ನೆತ್ತಿಯಲ್ಲಿ ಕೆನೆಬಣ್ಣದ ದೊಡ್ಡ ಗೊನೆ ಕಾಣಿಸಿದರೆ, ಯಜಮಾನರನ್ನು ಕಂಡು ಎರಡು ಮಾತಾಡಿ. ಕೊಡಲಿ ಇಡುವ ಮೊದಲು ಹಣ್ಣಾಗುವಷ್ಟು ದಿನ ಬಿಡುವಂತೆ ಕೇಳಿಕೊಳ್ಳಿ. ಶಾಲೆಯ ಮಾಸ್ಟ್ರಿಗೂ, ಪಂಚಾಯತಿಗೂ, ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೂ ತಿಳಿಸಿ. ಹಣ್ಣು ಉದುರುವ ಕಾಲಕ್ಕೆ ಬುಟ್ಟಿ ಹಿಡಿದುಕೊಂಡು ಹೋಗಿ. ಮನೆಗೆ ಎರಡು ಬೀಜ ಸಾಕು. ಒಂದು ಕೆಟ್ಟರೂ ಒಂದು ಉಳಿದೀತು.